ಆರಕ್ಕೆ ಆರೂ 31 ಅಂತೆ!

ಪೋಕೆಮಾನ್ ಎಮರಾಲ್ಡ್ ಎಂಬ ವಿಡಿಯೋ ಗೇಮ್‌ನಲ್ಲಿ ಬ್ಯಾಟಲ್ ಟವರ್ ಹತ್ತಿ, ಸಾಲು ಸಾಲಾಗಿ ಎದುರಾಳಿಗಳ ಜೊತೆ ಕಾದಾಡಿದವರಿಗೆ ಈ ಹೊಟ್ಟೆಯುರಿ ಗೊತ್ತಿರುತ್ತದೆ. ಕಾದಾಡುವ ಪ್ರಾಣಿಯಾದ ಪ್ರತಿ ಪೋಕೆಮಾನ್‌ಗೂ ಹುಟ್ಟಿನಿಂದಲೇ ವೇಗ, ದಾಳಿ ಹೀಗೆ ಆರು ಗುಣಗಳಿಗೆ ಆರು ಗುಪ್ತ ಅಂಕಗಳು, ಒಂದೊಂದೂ 0ಯಿಂದ 31ರೊಳಗೆ. ಐವಿ ಅಂತಾರೆ. ಪರದೆ ಮೇಲೆ ಎಲ್ಲೂ ಕಾಣಿಸುವುದಿಲ್ಲ. ಕಾಡಿನಲ್ಲಿ ಹಿಡಿದರೆ ಲಾಟರಿ. ಒಳ್ಳೆಯದು ಬೇಕಾದರೆ ಮೊಟ್ಟೆ ಇಡಿಸಬೇಕು, ಅದು ಒಡೆಯುವವರೆಗೆ ಆಟದೊಳಗೇ ಸೈಕಲ್ ತುಳಿಯಬೇಕು. ಅಪ್ಪ ಅಮ್ಮನಿಂದ ಮರಿಗೆ ಬರುವುದು ಆರರಲ್ಲಿ ಹೆಚ್ಚೆಂದರೆ ಮೂರು ಅಂಕ, ಉಳಿದದ್ದು ಹಣೆಬರಹ. ಒಂದು ಬ್ಯಾಗನ್ ಮರಿಗಾಗಿ ಎರಡು ವಾರ ಅದೇ ರಸ್ತೆಯಲ್ಲಿ ಹೋಗಿ ಬಂದು ಮಾಡಿದ್ದೇನೆ. ಕೊನೆಗೆ ಸಿಕ್ಕಿದ್ದು ವೇಗದಲ್ಲಿ 30. ಸಾಕು ಬಿಡು ಅಂದುಕೊಂಡೆ.

ಎದುರಿಗಿರುವ ಕಂಪ್ಯೂಟರ್‌ಗೆ ಈ ಪಾಡೇ ಇಲ್ಲ. ಮೊದಮೊದಲು ಅದರ ಪಡೆಗೆ ಎಲ್ಲದರಲ್ಲೂ ಬರೀ 3. ಪಾಪ ಅನಿಸುತ್ತದೆ. ಏಳು ಸುತ್ತು, ಅಂದರೆ 49 ಗೆಲುವು ದಾಟಿ ನೋಡಿ. ಬಹುತೇಕ ಎಲ್ಲರದ್ದೂ ಆರಕ್ಕೆ ಆರೂ 31! ಯಾವ ಮೊಟ್ಟೆ, ಯಾವ ಸೈಕಲ್?

ಮೊನ್ನೆ ನನ್ನ ಸಾಲಮೆನ್ಸ್ (ಅದೇ ಬ್ಯಾಗನ್ ಮರಿ ಬೆಳೆದು ಆದದ್ದು) ಎದುರು ಇನ್ನೊಂದು ಸಾಲಮೆನ್ಸ್ ಬಂತು. ಅದೇ ಮೊದಲು ಹೊಡೆಯಿತು. ವೇಗ ಒಂದೇ ಒಂದು ಅಂಕ ಜಾಸ್ತಿ ಇದ್ದಿರಬೇಕು. ನನ್ನದು ಅಲ್ಲೇ ಮಕಾಡೆ. ಎರಡು ವಾರದ ಸೈಕಲ್ ಸವಾರಿ ಮಣ್ಣುಪಾಲು.

ಸೋತಿದ್ದಕ್ಕಲ್ಲ ಬೇಜಾರು. ಜೇಬಲ್ಲಿ ಎಷ್ಟು ಇಟ್ಟುಕೊಂಡು ಬಂದಿದ್ದೀಯ ಅಂತ ಒಮ್ಮೆ ತೋರಿಸಿದ್ದರೆ ಗಂಟೇನು ಹೋಗ್ತಿತ್ತು?