ಬಾಗಿಲ ಸಂದಿಯ ಚೀಟಿ

ಊರಿಗೆ ಹೊರಡುವಾಗ ನಮ್ಮ ಮನೆಯಲ್ಲಿ ಒಂದೊಂದು ಸೂಟ್‌ಕೇಸನ್ನೂ ಕಮ್ಮಿ ಅಂದರೆ ಆರು ಸಲ ತೂಗುತ್ತೇವೆ. 23 ಕೆಜಿ ಅಂದರೆ 23 ಕೆಜಿ. ವಾಪಸ್ ಬರುವಾಗಲೂ ಅಷ್ಟೇ. ಬೆಂಗಳೂರು ಏರ್‌ಪೋರ್ಟಿನ ಕೌಂಟರ್ ಮುಂದೆ ನೆಲದ ಮೇಲೆ ಕೂತು, ಮುನ್ನೂರು ಗ್ರಾಂ ಚಟ್ನಿಪುಡಿಯನ್ನು ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ದಾಟಿಸಿದವನು ನಾನು. ಇಂಥ ನಾನು ಒಂದು ಮನೆಯನ್ನೇ ನನ್ನ ಪಿಕಪ್ ಮೇಲೆ ಹೇರುವ ಮುಂಚೆ, ಅದರ ತೂಕ ಎಷ್ಟು, ಗಾಡಿ ಎಷ್ಟು ಹೊರುತ್ತದೆ ಅಂತ ಒಂದು ಸಲವೂ ನೋಡಲಿಲ್ಲ.

ಮನೆ ಅಂದೆನಲ್ಲ, ಅದಕ್ಕೆ ಸ್ಲೈಡ್-ಇನ್ ಕ್ಯಾಂಪರ್ ಅನ್ನುತ್ತಾರೆ. ಪಿಕಪ್ಪಿನ ಹಿಂದೆ ಸಾಮಾನು ಹಾಕುವ ಜಾಗದೊಳಗೆ ಕೂರಿಸುವ ಪುಟ್ಟ ಮನೆ. ಒಲೆ, ಸಿಂಕು, ಫ್ರಿಜ್ಜು, ನೀರಿನ ಟ್ಯಾಂಕು ಎಲ್ಲ ಉಂಟು. ಹಾಸಿಗೆ ಡ್ರೈವರ್ ತಲೆಯ ಮೇಲೆ ಜಗಲಿ ಥರ ಚಾಚಿಕೊಂಡಿರುತ್ತದೆ. ಬೇಡವಾದಾಗ ನಾಲ್ಕು ಮೂಲೆಯ ಜಾಕ್ ಇಳಿಸಿ ಅದನ್ನು ಅದರ ಕಾಲ ಮೇಲೇ ನಿಲ್ಲಿಸಿ, ಗಾಡಿಯನ್ನು ಅಡಿಯಿಂದ ಮುಂದಕ್ಕೆ ತೆಗೆದರೆ ಆಯ್ತು. ನಾವಿರುವುದು ಕೊಲೊರಾಡೊದ ಡೆನ್ವರ್ ಹತ್ತಿರ. ಇಲ್ಲಿ ಬೇಸಿಗೆ ಬಂದರೆ ಅರ್ಧ ಊರು ಬೆಟ್ಟದ ಕಡೆ ಹೊರಡುತ್ತದೆ. ಆ ವರ್ಷ ಮಂಡ್ಯದಿಂದ ನಮ್ಮ ಮಾವ ಬಂದಿದ್ದರು. ಅವರಿಗೆ ಯೂಟಾದ ಮೋಆಬ್ ಕೆಂಪು ಬಂಡೆಗಳನ್ನು ತೋರಿಸಬೇಕು, ಹೋಟೆಲ್ ಬೇಡ, ರಾತ್ರಿ ನಕ್ಷತ್ರದ ಕೆಳಗೆ ಮಲಗಬೇಕು, ಬೆಳಿಗ್ಗೆ ದೋಸೆ ಆಗಬೇಕು. ಈ ಕೊನೆಯದು ನನ್ನ ಹೆಂಡತಿಯ ಷರತ್ತು.

ನನ್ನ ಪಿಕಪ್ ಸಣ್ಣದೇನಲ್ಲ. ಐದು ಲೀಟರ್ ವಿ8 ಎಂಜಿನ್, ನಾಲ್ಕು ಬಾಗಿಲು, ನಾಲ್ಕೂ ಚಕ್ರಕ್ಕೆ ಎಳೆತ, ಗಾಜಿನ ಚಾವಣಿ, ಚಳಿಗಾಲದಲ್ಲಿ ಕುಂಡೆ ಬೆಚ್ಚಗಿಡುವ ಸೀಟು. ಕೊಂಡಾಗ ಷೋರೂಮಿನ ಹುಡುಗ 11,000 ಪೌಂಡ್ ಎಳೆಯುತ್ತೆ ಸರ್ ಅಂದಿದ್ದ. ಕೆಜಿಯಲ್ಲಿ ಹತ್ತಿರ ಹತ್ತಿರ ಐದು ಟನ್. ಐದು ಟನ್ ಎಳೆಯುವ ಗಾಡಿಗೆ ಒಂದು ಟನ್ ಹೊರುವುದು ಯಾವ ಲೆಕ್ಕ?

ಎಳೆಯುವುದು ಬೇರೆ, ಹೊರುವುದು ಬೇರೆ. ಎತ್ತಿನ ಗಾಡಿ ನೋಡಿ ಬೆಳೆದವನಿಗೆ ಇದು ಹೊಳೆಯಬೇಕಿತ್ತು. ಗಾಡಿ ತುಂಬ ಕಬ್ಬು ಎಳೆಯುವ ಎತ್ತಿನ ಬೆನ್ನ ಮೇಲೆ ಯಾರಾದರೂ ಆ ಕಬ್ಬನ್ನೇ ಹೇರುತ್ತಾರಾ?

ಕ್ಯಾಂಪರ್ ಸಿಕ್ಕಿದ್ದು ಪ್ಯೂಬ್ಲೊದಲ್ಲಿ, ಒಬ್ಬ ವಯಸ್ಸಾದವರ ಹತ್ತಿರ. ಅವರು ಅದನ್ನು 'ಒನ್-ಟನ್' ಅನ್ನುವ, ನನ್ನದಕ್ಕಿಂತ ಗಟ್ಟಿ ಜಾತಿಯ ಪಿಕಪ್ ಮೇಲೆ ಹೊತ್ತು ತಿರುಗಿದವರು. ನಿನ್ನ ಗಾಡಿ ಯಾವುದು ಅಂತ ಕೇಳಿದರು. ವಿ8 ಅಂದೆ. ಮುದುಕಪ್ಪ ನನ್ನ ಗಾಡಿಯನ್ನು ನೋಡಿದರು, ನನ್ನನ್ನು ನೋಡಿದರು, ದುಡ್ಡು ಎಣಿಸಿಕೊಂಡರು. ಕ್ಯಾಂಪರಿನ ಹಳೇ ಬ್ರೋಷರನ್ನೂ ಕೈಗಿಟ್ಟರು. ಅದರಲ್ಲಿ 'ಡ್ರೈ ವೇಟ್' 812 ಕೆಜಿ ಅಂತಿತ್ತು. ಒಣ ತೂಕ ಅಂದರೆ ನೀರಿಲ್ಲದ, ಗ್ಯಾಸಿಲ್ಲದ, ಬ್ಯಾಟರಿ ಇಲ್ಲದ ತೂಕ. ಆಮೇಲೆ ಗೊತ್ತಾಯ್ತು, ನಮ್ಮ ಬ್ರೋಷರಿನ ಲೆಕ್ಕದಲ್ಲಿ ಮೇಲಿನ ಏಸಿ, ಪಕ್ಕದ ಬಿಸಿಲುಮರೆ, ಅದು ನಿಲ್ಲುವ ನಾಲ್ಕು ಜಾಕ್ ಕೂಡ ಇರಲಿಲ್ಲ. ಕೊಬ್ಬರಿಯ ತೂಕ ಹೇಳಿ ಎಳನೀರು ಹೊರಿಸಿದ ಹಾಗೆ.

ಪ್ಯೂಬ್ಲೊದಿಂದ ಮನೆಗೆ ಐ-25 ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ. ಹೊರಟ ಹತ್ತು ನಿಮಿಷಕ್ಕೆ ಎದುರು ಬರುವವರೆಲ್ಲ ನನಗೆ ಲೈಟ್ ಹೊಡೆಯತೊಡಗಿದರು. ಒಳ್ಳೇ ಜನ, ಕ್ಯಾಂಪರ್ ನೋಡಿ ಖುಷಿಪಡ್ತಿದ್ದಾರೆ ಅಂದುಕೊಂಡು ನಾನೂ ಕೈ ಬೀಸಿದೆ. ಗಾಡಿಯ ಹಿಂಭಾಗ ಕುಸಿದು ಮೂತಿ ಮೇಲೆದ್ದಿತ್ತು. ನನ್ನ ಹೆಡ್‌ಲೈಟು ರಸ್ತೆ ಬಿಟ್ಟು ಅವರ ಕಣ್ಣಿಗೆ ಬಡಿಯುತ್ತಿತ್ತು. 7,300 ಅಡಿ ಮೇಲಿನ ಮಾನ್ಯುಮೆಂಟ್ ಹಿಲ್ ಏರುವಾಗ ಅಡ್ಡಗಾಳಿ ಬೇರೆ. ಸ್ಟಿಯರಿಂಗ್ ಎಷ್ಟು ಹಗುರವಾಗಿತ್ತು ಅಂದರೆ, ತಿರುಗಿಸಿದರೆ ಗಾಡಿ ಸ್ವಲ್ಪ ಯೋಚನೆ ಮಾಡಿ ಆಮೇಲೆ ತಿರುಗುತ್ತಿತ್ತು.

"ಅಳಿಯಂದ್ರೇ," ಅಂದರು ಮಾವ, ಬಾಗಿಲ ಮೇಲಿನ ಹಿಡಿ ಬಿಡದೆ. "ಕಾಟಾಕ್ಕೆ ಹಾಕಿದ್ರಾ ಇದನ್ನ?"

ಮಾವ ನಲವತ್ತು ವರ್ಷ ಕಬ್ಬು ಬೆಳೆದು ಫ್ಯಾಕ್ಟರಿಗೆ ಸಾಗಿಸಿದವರು. ತುಂಬಿದ ಗಾಡಿ ತೂಕ, ಖಾಲಿ ಗಾಡಿ ತೂಕ, ಎರಡರ ನಡುವಿನ ವ್ಯತ್ಯಾಸ. ಅವರ ಬದುಕೇ ಈ ಲೆಕ್ಕದ ಮೇಲೆ ನಡೆದದ್ದು. ಎರಡು ಪೇಟೆಂಟ್ ಇರುವ ಎಂಜಿನಿಯರ್ ಅಳಿಯನಿಗೆ ಹೊಳೆಯದ್ದು ಅವರಿಗೆ ಹೊಳೆಯಿತು.

ಇಲ್ಲಿ ಲಾರಿಗಳು ನಿಲ್ಲುವ ದೊಡ್ಡ ಬಂಕುಗಳಲ್ಲಿ ಕಾಟಾ ಇರುತ್ತದೆ. ಮನೆಗೆ ಇನ್ನು ಇಪ್ಪತ್ತು ಮೈಲಿ ಇರುವಾಗ ಅಂಥದ್ದೊಂದಕ್ಕೆ ನುಗ್ಗಿದೆ. ಹಿಂದೆ ಹದಿನೆಂಟು ಚಕ್ರದ ಲಾರಿಗಳ ಸಾಲು. ಮುಂದಿನ ಚಕ್ರ ಒಂದು ಪಟ್ಟಿಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ ನಿಲ್ಲಿಸಿ, ಕಂಬದ ಮೇಲಿನ ಗುಂಡಿ ಒತ್ತಬೇಕು. ಗುಂಡಿ ಇರುವುದು ಲಾರಿ ಡ್ರೈವರ್ ಕೈಗೆ ಸಿಗುವ ಎತ್ತರದಲ್ಲಿ. ನಾನು ಇಳಿದು ಹಾರಿ ಹಾರಿ ಒತ್ತಿದೆ. ಒಳಗಿನಿಂದ ಒಂದು ಹೆಣ್ಣು ದನಿ ಕೇಳಿತು: ಯಾವ ಕಂಪನಿ?

"ಫ್ಯಾಮಿಲಿ," ಅಂದೆ.

ಚೀಟಿ ಬಂತು. ಮುಂದಿನ ಅಚ್ಚಿನ ಮೇಲೆ 1,470 ಕೆಜಿ, ಹಿಂದಿನದರ ಮೇಲೆ 2,277. ಒಟ್ಟು 3,747. ನಾನೇ ಪೌಂಡಿನಿಂದ ಕೆಜಿಗೆ ಇಳಿಸಿದ್ದು, ಸ್ವಲ್ಪ ಚಿಕ್ಕದಾಗಿ ಕಾಣಲಿ ಅಂತ. ಸರಿ, ಇದು ಜಾಸ್ತಿಯೋ ಕಮ್ಮಿಯೋ? ಪಕ್ಕದಲ್ಲಿ ನಿಂತಿದ್ದ ಲಾರಿ ಡ್ರೈವರ್ ಒಬ್ಬ ಮಾತಾಡದೆ ನನ್ನ ಬಾಗಿಲು ತೆಗೆದು ಸಂದಿಯ ಕಡೆ ಬೆರಳು ತೋರಿಸಿದ.

ಅಲ್ಲಿ ಒಂದು ಹಳದಿ-ಬಿಳಿ ಚೀಟಿ. ಎರಡು ವರ್ಷದಿಂದ ದಿನಾ ಅದರ ಪಕ್ಕದಲ್ಲೇ ಹತ್ತಿ ಇಳಿದಿದ್ದೇನೆ. ಟೈರಿಗೆ ಎಷ್ಟು ಗಾಳಿ ಅಂತ ಬರೆದಿರುತ್ತೆ ಅಂದುಕೊಂಡಿದ್ದೆ. ಅದನ್ನೂ ಬರೆದಿತ್ತು. ಅದರ ಮೇಲೆ ದಪ್ಪಗೆ: ಜನ ಮತ್ತು ಸಾಮಾನು ಸೇರಿ 622 ಕೆಜಿ ಮೀರಬಾರದು. ಇನ್ನೊಂದು ಚೀಟಿಯಲ್ಲಿ, ಗಾಡಿ, ಜನ, ಸಾಮಾನು ಎಲ್ಲ ಕೂಡಿ 3,198, ಹಿಂದಿನ ಅಚ್ಚಿಗೆ 1,724. ಅಂದರೆ ನಾವು 549 ಕೆಜಿ ಜಾಸ್ತಿ. ಅದೂ ನೀರಿನ ಟ್ಯಾಂಕು ಖಾಲಿ ಇರುವಾಗ. 30 ಗ್ಯಾಲನ್ ತುಂಬಿಸಿದ್ದರೆ ಇನ್ನೂ 113 ಕೆಜಿ.

ಮಾವ ಬೆರಳು ಮಡಚಿ ಲೆಕ್ಕ ಹಾಕಿದರು. "ನಾವಿಬ್ರೂ ಸೇರಿ 154. ಓಡ್ಸೋರೂ ಇಳಿದುಬಿಟ್ರೂ ಇನ್ನೂ 395 ಜಾಸ್ತಿನೇ ಬತ್ತದಲ್ಲ."

ಆಮೇಲೆ ಅವರು ಕೇಳಿದ ಪ್ರಶ್ನೆ ನನ್ನ ಎದೆಯಲ್ಲಿ ಇವತ್ತಿಗೂ ಕೂತಿದೆ. "ನಮ್ಮೂರಿಂದ ಸಂತೆಗೆ ತರಕಾರಿ ತಕ್ಕೊಂಡೋಗ್ತದಲ್ಲ ಟಾಟಾ ಏಸು, ಅದು ಎಷ್ಟು ಹೊರ್ತದೆ?" ಫೋನಿನಲ್ಲಿ ಹುಡುಕಿದೆ. 2005ರಲ್ಲಿ ಬಂದ ಆ ಪುಟ್ಟ ಗಾಡಿಯ ಎಂಜಿನ್ 702 ಸಿಸಿ. ಎರಡೇ ಸಿಲಿಂಡರ್, 16 ಕುದುರೆಯ ಶಕ್ತಿ. ಹೊರುವುದು ಮುಕ್ಕಾಲು ಟನ್, 750 ಕೆಜಿ. ನನ್ನದರಲ್ಲಿ ಹೆಚ್ಚುಕಮ್ಮಿ ನಾನೂರು ಕುದುರೆ. ಹೊರುವುದು 622.

ಆ ಕುದುರೆಗಳೆಲ್ಲ ಏನು ಹೊರುತ್ತಿವೆ? ಗಾಜಿನ ಚಾವಣಿ, ನಾಲ್ಕು ಬಾಗಿಲು, ಕುಂಡೆ ಬೆಚ್ಚಗಿಡುವ ಯಂತ್ರ. ಗಾಡಿ ಒಟ್ಟು ಇಷ್ಟೇ ಭಾರ ತಡೆಯುತ್ತದೆ ಅಂತ ಒಂದು ಗೆರೆ. ಐಷಾರಾಮ ಜಾಸ್ತಿಯಾದಷ್ಟೂ ಆ ಗೆರೆಯೊಳಗೆ ಸಾಮಾನಿಗೆ ಉಳಿಯುವ ಪಾಲು ಕಮ್ಮಿ. ನನ್ನಂಥ ಗಾಡಿಗೆ 'ಹಾಫ್ ಟನ್' ಅನ್ನುವುದು ಎಂದೋ ಇಟ್ಟ ಹೆಸರು, ಹೊರುವ ಅಳತೆಗೂ ಅದಕ್ಕೂ ಈಗ ಸಂಬಂಧವಿಲ್ಲ. ಖರೆ ಅಂಕಿ ಬಾಗಿಲ ಸಂದಿಯ ಚೀಟಿಯಲ್ಲಿ, ಪ್ರತಿ ಗಾಡಿಗೂ ಬೇರೆ ಬೇರೆ. ನನ್ನ ಗಾಡಿಯ ಕೈಪಿಡಿಯಲ್ಲಂತೂ ಸ್ಲೈಡ್-ಇನ್ ಕ್ಯಾಂಪರ್ ಹೇರಬೇಡಿ ಅಂತ ನೇರವಾಗೇ ಬರೆದಿತ್ತು. ಅದರ ಪ್ಲಾಸ್ಟಿಕ್ ಕವರನ್ನು ನಾನು ಒಡೆದದ್ದೇ ಆ ರಾತ್ರಿ.

ಮನೆತನಕ ಮೆಲ್ಲಗೆ, ಬಲಗಡೆ ಲೇನಿನಲ್ಲಿ, ಮದುವೆ ಮೆರವಣಿಗೆಯ ಹಾಗೆ ಬಂದೆವು.

ಮರುದಿನ ಗೆಳೆಯರ ಸಲಹೆ ಶುರುವಾಯಿತು. ಒಬ್ಬ ಹಿಂದಿನ ಸ್ಪ್ರಿಂಗಿಗೆ ಏರ್‌ಬ್ಯಾಗ್, ಅಂದರೆ ಗಾಳಿ ತುಂಬಿದ ರಬ್ಬರ್ ಚೀಲದ ಆಸರೆ, ಹಾಕಿಸು ಅಂದ. ಇನ್ನೊಬ್ಬ ದಪ್ಪ ಟೈರ್ ಅಂದ. ಏರ್‌ಬ್ಯಾಗ್ ಹಾಕಿದರೆ ಗಾಡಿಯ ಸೊಂಟ ನೆಟ್ಟಗಾಗುತ್ತದೆ, ನಿಜ. ಆದರೆ ಬ್ರೇಕು ಅದೇ, ಅಚ್ಚು ಅದೇ, ಬೇರಿಂಗ್ ಅದೇ, ಚೀಟಿಯ ಅಂಕಿಯೂ ಅದೇ. ಮೂಟೆ ಹೊರಲಾರದವನಿಗೆ ನಡುಪಟ್ಟಿ ಬಿಗಿದು ಇನ್ನೊಂದು ಮೂಟೆ ಹೊರಿಸುವ ಕೆಲಸ.

ಮೋಆಬ್‌ಗೆ ಹೋದೆವು, ಡೇರೆ ಹಾಕಿಕೊಂಡು. ಹೋಗುವ ಮುಂಚೆ ನಾನು ಬಚ್ಚಲಿನ ತೂಕದ ಯಂತ್ರವನ್ನು ನಡುಮನೆಯಲ್ಲಿ ಇಟ್ಟು ಎಲ್ಲವನ್ನೂ ತೂಗಿದೆ. ನಾನು 81, ಮಾವ 73, ಮಗ 38, ಮಗಳು 27. ಅಕ್ಕಿ 9, ಗ್ರೈಂಡರ್ 11.

"ರೀ, ನನ್ನದು ಐವತ್ತೆಂಟು ಅಂತ ಬರ್ಕೊಳ್ಳಿ," ಅಂದಳು ಹೆಂಡತಿ, ಯಂತ್ರದ ಹತ್ತಿರವೂ ಬರದೆ.

"ಅದು ಡ್ರೈ ವೇಟಾ?" ಅಂದುಬಿಟ್ಟೆ.

ಮೋಆಬ್‌ನಲ್ಲಿ ಮೂರು ದಿನವೂ ದೋಸೆ ಆಯಿತು. ನನಗೆ ಮಾತ್ರ ಬ್ರೆಡ್ಡು.

ಕ್ಯಾಂಪರ್ ನಮ್ಮ ಮನೆ ಮುಂದೆ ನಾಲ್ಕು ಕಾಲ ಮೇಲೆ ನಿಂತೇ ಇತ್ತು. ಅದನ್ನು ತೆಗೆಯಿರಿ ಅಂತ ಬಡಾವಣೆಯ ಸಂಘದಿಂದ ಎರಡು ಕಾಗದ ಬಂದವು. ಖುಷಿಯಾಗಿದ್ದವರು ಮಾವ ಒಬ್ಬರೇ. ಗದ್ದೆ ಬದಿಯ ಅಟ್ಟಣೆ ಇದ್ದ ಹಾಗದೆ ಅನ್ನುತ್ತಾ ಮಧ್ಯಾಹ್ನ ಉಂಡು ಅದರೊಳಗೆ ಹತ್ತಿ ಮಲಗುವರು.

ಕೊನೆಗೂ ಒಂದು ಶನಿವಾರ ಕೊಳ್ಳಲು ಗಂಡ ಹೆಂಡತಿ ಬಂದರು. ಹೊಳೆಯುವ ಹೊಸ ಪಿಕಪ್, ಮೇಲೆ ಗಾಜಿನ ಚಾವಣಿ. ಇದು 12,000 ಪೌಂಡ್ ಎಳೆಯುತ್ತೆ ಅಂದ ಆತ, ನಾನು ಕೇಳುವ ಮೊದಲೇ. ನನ್ನ ಹೆಂಡತಿ ಕಿಟಕಿಯಿಂದ ಕಣ್ಣಲ್ಲೇ ಹೇಳುತ್ತಿದ್ದಳು: ಬಾಯಿ ಮುಚ್ಚಿ ಮಾರಿ. ನನಗೆ ತಡೆಯಲಿಲ್ಲ. ಬಾಗಿಲ ಸಂದಿ ನೋಡಿದ್ದೀರಾ ಅಂದೆ. ಆತ ನಕ್ಕ. ಆತನ ಹೆಂಡತಿ ನಗಲಿಲ್ಲ. ಸುಮ್ನೆ ಹೋಗಿ ಬಾಗಿಲು ತೆಗೆದು ಬಗ್ಗಿ ಓದಿ, 1,290 ಪೌಂಡ್ ಅಂತ ಕೂಗಿ ಹೇಳಿದಳು.

"ಏರ್‌ಬ್ಯಾಗ್ ಹಾಕಿಸ್ತೀನಿ," ಅಂದ ಆತ.

ಕ್ಯಾಂಪರಿನ ಮೇಲಿನ ಕಿಟಕಿ ತೆರೆಯಿತು. ನಿದ್ದೆಗಣ್ಣಿನ ಮಾವ ತಲೆ ಹೊರಗೆ ಹಾಕಿದರು. "ಎಷ್ಟಂತೆ ಅಳಿಯಂದ್ರೇ?"

"585 ಕೆಜಿ ಮಾವ."

"ಹಂಗಾರೆ ಆ ಬಾಗ್ಲು ಒಸಿ ಮುಂದಕ್ಕೆ ಎಳೀರಿ," ಅಂದರು ಮಾವ. "ಮುಖದ ಮೇಲೆ ಬಿಸ್ಲು ಬತ್ತದೆ." ಮತ್ತೆ ಮಗ್ಗುಲಾದರು.