ಶೇ. 2ರ ಲೆಕ್ಕ ಬಿಡಿ, ಎಷ್ಟು ವಿಮಾನ ಹಾರುತ್ತೆ ಹೇಳಿ

ರಕ್ಷಣಾ ಖರ್ಚಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಒಂದೇ ಅಂಕಿ: ಜಿಡಿಪಿಯ ಶೇಕಡಾ ಎಷ್ಟು? ಅಮೆರಿಕ, ಯುರೋಪ್ ದೇಶಗಳ ಸೇನಾ ಒಕ್ಕೂಟ ನ್ಯಾಟೋ ತನ್ನ ಸದಸ್ಯರಿಗೆ ವರ್ಷಗಟ್ಟಲೆ ಹೇಳುತ್ತಿದ್ದ ಗುರಿ ಶೇ. 2. ಅದರ ಲೆಕ್ಕದಲ್ಲಿ ನಿವೃತ್ತ ಸೈನಿಕರ ಪಿಂಚಣಿಯೂ ಆ ಅಂಕಿಯೊಳಗೇ ಬರುತ್ತೆ. ಪಿಂಚಣಿ ಕೊಡಲೇಬೇಕು, ತಕರಾರಿಲ್ಲ. ಆದರೆ ಅದರಿಂದ ಒಂದು ಟ್ಯಾಂಕೂ ಹೆಚ್ಚಾಗಲ್ಲ.

ನಾನು ಕೇಳೋದು, ಇವತ್ತೇ ಆದೇಶ ಬಂದರೆ ಎಷ್ಟು ವಿಮಾನ ಮೇಲೇಳುತ್ತೆ ಅಂತ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರ 2023ರ ವರದಿ ಪ್ರಕಾರ ಅವರ ಎಫ್-35 ಯುದ್ಧವಿಮಾನಗಳ ಸನ್ನದ್ಧತೆ ಆಗ ಸುಮಾರು ಶೇ. 55. ರಿಪೇರಿಗೆ ಕಾದು ಕೂತಿದ್ದ ಬಿಡಿಭಾಗಗಳೇ 10,000ಕ್ಕೂ ಹೆಚ್ಚು!

ಹೀಗಾಗೋದು ಯಾಕೆ? ಹಡಗು, ವಿಮಾನದ ಒಪ್ಪಂದ ಹತ್ತಾರು ವರ್ಷದ್ದು, ಮಧ್ಯದಲ್ಲಿ ಮುರಿದರೆ ದಂಡ. ಹಾಗಾಗಿ ದುಡ್ಡು ಸಾಲದ ವರ್ಷ ಕತ್ತರಿ ಬೀಳೋದು ಬಿಡಿಭಾಗ, ಮದ್ದುಗುಂಡು, ತರಬೇತಿಯ ಹಾರಾಟದ ಗಂಟೆಗಳ ಮೇಲೆ. ಆಮೇಲೆ ನಿಂತ ವಿಮಾನದಿಂದ ಪಾರ್ಟ್ ಬಿಚ್ಚಿ ಇನ್ನೊಂದಕ್ಕೆ ಹಾಕೋದು ಶುರು. ಒಂದೇ ಪಾರ್ಟಿಗೆ ಎರಡು ಸಲ ಬಿಚ್ಚುವ, ಎರಡು ಸಲ ಜೋಡಿಸುವ ಕೆಲಸ. ಬಿಚ್ಚುವಾಗ ಮುರಿದರೆ ಅದೂ ಹೋಯ್ತು.

ಅಮೆರಿಕ ನೌಕಾಪಡೆಯ ಜುಮ್‌ವಾಲ್ಟ್ ಯುದ್ಧಹಡಗಿನ ಕಥೆಯಂತೂ ಕೇಳಲೇಬೇಕಾದ್ದು. ಯೋಜನೆ 32 ಹಡಗಿಗೆ, ಕಟ್ಟಿದ್ದು 3. ಪ್ರತಿ ಹಡಗಿಗೂ ಎರಡು 155 ಎಂಎಂ ತೋಪು. ಹಡಗು ಕಡಿಮೆಯಾದಂತೆ ಗುಂಡಿನ ಆರ್ಡರ್ರೂ ಇಳೀತು, ಒಂದು ಗುಂಡಿನ ಬೆಲೆ ಸುಮಾರು 8 ಲಕ್ಷ ಡಾಲರ್ ಮುಟ್ಟಿತು. 2016ರಲ್ಲಿ ಖರೀದಿಯನ್ನೇ ಕೈಬಿಟ್ಟರು. ಭೂಸೇನೆಯ ಮಾಮೂಲಿ 155 ಗುಂಡು ಆ ತೋಪಿಗೆ ಹಿಡಿಸಲ್ಲ. ಅಷ್ಟು ದುಬಾರಿ ಹಡಗು, ಹಾರಿಸೋಕೆ ಗುಂಡಿಲ್ಲ! ಕೊನೆಗೆ ತೋಪನ್ನೇ ಕಿತ್ತು ಹೈಪರ್‌ಸಾನಿಕ್ (ಶಬ್ದಕ್ಕಿಂತ ಐದು ಪಟ್ಟಿಗೂ ಹೆಚ್ಚು ವೇಗದ) ಕ್ಷಿಪಣಿಗೆ ಜಾಗ ಮಾಡೋ ಕೆಲಸಕ್ಕೆ ಇಳಿದರು.

ಮಾಮೂಲಿ ಗುಂಡಿನ ಕಥೆಯೂ ಸುಲಭದ್ದಲ್ಲ. ಕಾಯಿಸಿ ಬಡಿದ ಉಕ್ಕಿನ ಕವಚ, ಒಳಗೆ ಸ್ಫೋಟಕ, ಮೂತಿಗೆ ಅದನ್ನು ಸಿಡಿಸುವ ಫ್ಯೂಜ್, ಹಿಂದೆ ತಳ್ಳೋಕೆ ನೈಟ್ರೋಸೆಲ್ಯುಲೋಸ್ ಮದ್ದು. ನಾಲ್ಕರಲ್ಲಿ ಒಂದು ತಡವಾದರೂ ಉಳಿದ ಮೂರು ಗೋದಾಮಿನಲ್ಲೇ ಬಿದ್ದಿರುತ್ತವೆ. ಯುರೋಪಿಯನ್ ಒಕ್ಕೂಟ 2023ರ ಮಾರ್ಚ್‌ನಲ್ಲಿ ಉಕ್ರೇನಿಗೆ ಒಂದು ವರ್ಷದೊಳಗೆ 10 ಲಕ್ಷ ಗುಂಡು ಕೊಡ್ತೀವಿ ಅಂತು. ಗಡುವಿಗೆ ತಲುಪಿದ್ದು ಹೆಚ್ಚುಕಡಿಮೆ ಅರ್ಧ. ದುಡ್ಡಿತ್ತು, ಉತ್ಪಾದನಾ ಲೈನ್ ಇರಲಿಲ್ಲ. ಒಂದು ವರ್ಷದ ಆರ್ಡರ್ ನಂಬಿ ಯಾವ ಕಾರ್ಖಾನೆಯವರೂ ಹೊಸ ಲೈನ್ ಹಾಕಲ್ಲ, ಹಲವು ವರ್ಷದ ಖರೀದಿ ಖಾತರಿ ಕೇಳ್ತಾರೆ. ಬಜೆಟ್ ಪುಸ್ತಕದಲ್ಲಿ ನಾನು ಮೊದಲು ಹುಡುಕೋದು ಆ ಖಾತರಿ ಇದೆಯಾ ಅಂತ.