ಬಾಯಿ ಹುಣ್ಣು ನೋಯದಿದ್ದರೆ ಭಯವಿಲ್ಲವೇ?

"ನೋವಿಲ್ಲದ ಬಾಯಿ ಹುಣ್ಣು ಕ್ಯಾನ್ಸರ್ ಅಲ್ಲ" ಎಂಬ ಮೆಸೇಜು ಮಂಗಳೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ತಿರುಗುತ್ತದೆ. ಕಳಿಸುವವರ ಮನಸ್ಸು ಒಳ್ಳೆಯದೇ, ಮಾತು ಮಾತ್ರ ತಪ್ಪು. ಬಾಯಿ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ. ಬಿಳಿ ಅಥವಾ ಕೆಂಪು ಮಚ್ಚೆ, ಹುಣ್ಣು ಎರಡು ವಾರವಾದರೂ ಹೋಗದಿದ್ದರೆ ತೋರಿಸಲೇಬೇಕು. ಎಲೆ ಅಡಿಕೆ ಹಾಕುವವರು ಜಾಸ್ತಿ ಗಮನಿಸಬೇಕು. ಹೊಗೆಸೊಪ್ಪು ಬಿಟ್ಟರೂ ಬರೀ ಅಡಿಕೆಯಿಂದಲೇ ಕ್ಯಾನ್ಸರ್ ಬರಬಹುದು. ಅಡಿಕೆ ತೋಟದ ಊರಲ್ಲಿ ಇದನ್ನು ಹೇಳುವುದು ಸ್ವಲ್ಪ ಕಷ್ಟ, ಅಲ್ವಾ?

ಹಲ್ಲು ತೋರಿಸಲು ಹೋದಾಗ ಡಾಕ್ಟರು ನಾಲಿಗೆಯ ತುದಿಯನ್ನು ಬಟ್ಟೆ ತುಂಡಿನಲ್ಲಿ ಹಿಡಿದು ಎರಡೂ ಅಂಚು ನೋಡುತ್ತಾರೆ, ಕೆನ್ನೆಯೊಳಗೆ ಬೆರಳಾಡಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ನೋಡದಿದ್ದರೆ ನೀವೇ ಕೇಳಿ.

ಇಂಥ ಮೆಸೇಜು ಬಂದರೆ ಬರೆದವರ ಹೆಸರು, ತಾರೀಕು, ಮೂಲ ಇದೆಯಾ ನೋಡಿ. ಇಲ್ಲವೆಂದರೆ ಡೆಂಟಲ್ ಕಾಲೇಜಿನ ಓಪಿಡಿಯಲ್ಲಿ ಕೇಳಬಹುದು. ಮಂಗಳೂರು, ಮಣಿಪಾಲದಲ್ಲಿ ಅವಕ್ಕೇನೂ ಬರವಿಲ್ಲ.